ವಿಮಾನದ ಜಾತಿ ಕೇಳದೆ ಬಿಡಬೇಡಿ

ಆಕಾಶದಲ್ಲಿ ಕಂಡದ್ದು, ಮೊಬೈಲಿನಲ್ಲಿ ಬಂದದ್ದರ ಬಗ್ಗೆ ಓದುಗರ ಪ್ರಶ್ನೆಗಳು. ಉತ್ತರಿಸುವವರು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಮೈ, ರೆಕ್ಕೆಗಳನ್ನು ಬಿಚ್ಚಿ ಕಟ್ಟುವವರು) ಆಗಿದ್ದು, ಈಗ ತೀರ್ಥಹಳ್ಳಿ ಸಮೀಪ ಅಡಿಕೆ ತೋಟ ನೋಡಿಕೊಂಡಿರುವ ನಿವೃತ್ತರು.

ಪ್ರಶ್ನೆ: ನಮ್ಮ ಕಡೆ ಎಲೆಚುಕ್ಕಿ ರೋಗ ತೋಟವನ್ನೇ ತಿಂದು ಹಾಕುತ್ತಿದೆ. ವಿಮಾನದವರು ಮೇಲಿಂದ ಏನೋ ಹೊಡೆಯುತ್ತಿದ್ದಾರೆ, ಅದರಿಂದಲೇ ಈ ರೋಗ ಎಂದು ನಮ್ಮ ವಾಟ್ಸಾಪ್ ಗುಂಪಿಗೆ ವಿಡಿಯೊ ಬಂದಿದೆ. ನಾಲ್ಕು ಬಿಳಿ ಗೆರೆ ಸ್ಪಷ್ಟವಾಗಿ ಕಾಣುತ್ತವೆ. ವಿಮಾನದೊಳಗೆ ಸಾಲಾಗಿ ಡ್ರಮ್ಮು ಇಟ್ಟಿರುವ ಫೋಟೊ ಕೂಡ ಇದೆ. ನೀವು ವಾಯುಪಡೆಯಲ್ಲಿ ಇದ್ದವರು, ನಿಜ ಹೇಳಿ.
(ಅಡಿಕೆ ಬೆಳೆಗಾರರು, ಹೊಸನಗರ)

ಉತ್ತರ: ಮನುಷ್ಯರ ಜಾತಿ ಕೇಳಬಾರದು, ವಿಮಾನದ ಜಾತಿ ಕೇಳದೆ ಬಿಡಬಾರದು. ನನ್ನ ಬಳಿ ಬರುವ ಯಾವ ವಿಡಿಯೊಕ್ಕೂ ನಾನು ಮೊದಲು ಕೇಳುವುದು ಇದನ್ನೇ. ಅದು ಯಾವ ವಿಮಾನ? ನಿಮ್ಮ ವಿಡಿಯೊವನ್ನು ಹಿಗ್ಗಿಸಿ ನೋಡಿದೆ. ರೆಕ್ಕೆಗೆ ಎರಡೆರಡರಂತೆ ನಾಲ್ಕು ಎಂಜಿನ್. ಮೈಗಿಂತ ರೆಕ್ಕೆಯೇ ಉದ್ದವಾಗಿ ಕಾಣುತ್ತದೆ, ಹೊಟ್ಟೆ ಬಸುರಿ ಎಮ್ಮೆಯ ಹಾಗೆ ದಪ್ಪ. ಅದು ಏರ್‌ಬಸ್ ಎ380. ಉದ್ದ ಸುಮಾರು 73 ಮೀಟರ್, ರೆಕ್ಕೆಯ ಹರವು ಸುಮಾರು 80 ಮೀಟರ್. ಪ್ರಯಾಣಿಕರ ವಿಮಾನಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. 2022ರ ಅಕ್ಟೋಬರಿನಿಂದ ಇದೇ ಜಾತಿಯ ವಿಮಾನ ದುಬೈಯಿಂದ ಬೆಂಗಳೂರಿಗೂ ಬರುತ್ತಿದೆ. ನಾಲ್ಕು ಎಂಜಿನ್ ಇದ್ದರೆ ನಾಲ್ಕು ಗೆರೆ. ಇನ್ನೊಂದು ವಿಡಿಯೊದಲ್ಲಿ ಎರಡೇ ಗೆರೆ ಕಂಡರೆ ಅದು ಎರಡು ಎಂಜಿನ್ನಿನದು. ಔಷಧಿ ಹೊಡೆಯುವವನಾದರೆ ಎಂಜಿನ್ ಎಷ್ಟಿದೆ ಎಂದು ಎಣಿಸಿ ಅಷ್ಟೇ ನಳಿಕೆ ಹಾಕುತ್ತಾನೆಯೇ?

ಇನ್ನೊಂದನ್ನೂ ಗಮನಿಸಿ. ಎಂಜಿನ್ನಿನ ಬಾಯಿಗೂ ಬಿಳಿ ಗೆರೆ ಶುರುವಾಗುವ ಜಾಗಕ್ಕೂ ನಡುವೆ ಸ್ವಲ್ಪ ಖಾಲಿ ಇದೆ. ನಿಮ್ಮ ಮರ ಹತ್ತುವ ಕೊನೆಗೌಡ ಬೋರ್ಡೋ ಔಷಧಿ ಹೊಡೆಯುವಾಗ ಮಂಜು ನಳಿಕೆಯ ತುದಿಯಿಂದಲೇ ಹೊರಡುತ್ತದಲ್ಲವೆ? ಇಲ್ಲಿ ಹಾಗಿಲ್ಲ. ಎಂಜಿನ್ನಿನಿಂದ ಹೊರಬರುವುದು ಕಣ್ಣಿಗೆ ಕಾಣದ ಬಿಸಿ ಆವಿ. ಒಂದು ಕಿಲೊ ಇಂಧನ ಉರಿದರೆ ಸುಮಾರು ಒಂದೂಕಾಲು ಕಿಲೊ ನೀರು ಹುಟ್ಟುತ್ತದೆ. ಇಂಧನದಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಸೇರುವುದರಿಂದ ತೂಕ ಹೆಚ್ಚುತ್ತದೆ. ಹತ್ತು ಕಿಲೊಮೀಟರ್ ಎತ್ತರದಲ್ಲಿ ಮೈನಸ್ ನಲವತ್ತು, ಐವತ್ತು ಡಿಗ್ರಿ ಚಳಿ. ಆವಿ ತಣಿದು ಮಂಜುಗಡ್ಡೆಯ ಪುಡಿಯಾಗಲು ಒಂದು ಕ್ಷಣ ಬೇಕು, ಆ ಕ್ಷಣದಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ಆ ಖಾಲಿ ಜಾಗ ಉಳಿಯುವುದು ಹೀಗೆ.

ಕೆಲವು ದಿನ ಗೆರೆ ಅರ್ಧ ಆಕಾಶದುದ್ದ ನಿಲ್ಲುತ್ತದೆ, ಕೆಲವು ದಿನ ಕಾಣುವುದೇ ಇಲ್ಲ, ಏಕೆ ಎಂದು ನಿಮ್ಮ ಗುಂಪಿನಲ್ಲೇ ಒಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಆಷಾಢದಲ್ಲಿ ಬಚ್ಚಲೊಲೆಯ ಮೇಲೆ ಹರವಿದ ಪಂಚೆ ಮೂರು ದಿನವಾದರೂ ಒಣಗುವುದಿಲ್ಲ. ಅದೇ ಪಂಚೆಗೆ ಮಾಘದ ಬಿಸಿಲಲ್ಲಿ ಒಂದು ಗಂಟೆ ಸಾಕು. ಮೇಲಿನ ಗಾಳಿಗೂ ಆಷಾಢ ಮಾಘಗಳಿವೆ. ಅಲ್ಲಿ ಆಗಲೇ ತೇವ ತುಂಬಿದ್ದರೆ ಮಂಜಿನ ಪುಡಿ ಆರದೆ ಹರಡಿಕೊಳ್ಳುತ್ತದೆ, ಒಣಗಿದ್ದರೆ ಕ್ಷಣದಲ್ಲಿ ಕರಗುತ್ತದೆ. ನೆಲದ ಮೇಲಿನ ಬಿಸಿಲು ನೋಡಿ ಅದನ್ನು ಊಹಿಸಲಾಗದು.

ಡ್ರಮ್ಮಿನ ಫೋಟೊ ಸುಳ್ಳಲ್ಲ, ಅದರ ಕೆಳಗೆ ಬರೆದದ್ದು ಸುಳ್ಳು. ಹೊಸ ಮಾದರಿಯ ವಿಮಾನವನ್ನು ಪರೀಕ್ಷೆಗೆ ಹಾರಿಸುವಾಗ ಸೀಟು, ಪ್ರಯಾಣಿಕರು ಇರುವುದಿಲ್ಲ. ಅವರ ತೂಕಕ್ಕೆ ಬದಲು ನೀರಿನ ಡ್ರಮ್ಮು ಇಟ್ಟು, ಕೊಳವೆಯಲ್ಲಿ ನೀರನ್ನು ಹಿಂದೆ ಮುಂದೆ ಹರಿಸಿ, ಭಾರ ಹಿಂದಕ್ಕೆ ಸರಿದರೆ ವಿಮಾನ ಹೇಗೆ ವರ್ತಿಸುತ್ತದೆ ಎಂದು ನೋಡುತ್ತಾರೆ. ಬೋಯಿಂಗ್ 747-8, ಎ380 ಎರಡನ್ನೂ ಹೀಗೆಯೇ ಪರೀಕ್ಷಿಸಿದ್ದು. ಜಾತ್ರೆಗೆ ಹೋಗುವ ಜೀಪಿನ ಹಿಂದೆ ಹತ್ತು ಜನ ನೇತಾಡಿದರೆ ಮುಂದಿನ ಚಕ್ರ ಹೇಗೆ ಹಗುರಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಈಗ ನಮ್ಮ ನಿಮ್ಮ ಲೆಕ್ಕ. ಎಕರೆಗೆ ಐನೂರು ಮರ, ಮರಕ್ಕೆ ಒಂದೇ ಲೀಟರ್ ಔಷಧಿ ಎಂದು ಕಡಿಮೆಯೇ ಹಿಡಿಯೋಣ. ಎಕರೆಗೆ ಅರ್ಧ ಟನ್ ಆಯಿತು. ಎ380 ಹೊರಬಲ್ಲ ಸರಕು ಸುಮಾರು 80 ಟನ್. ಒಂದು ಹನಿಯೂ ಆಚೀಚೆ ಹೋಗದಿದ್ದರೆ 160 ಎಕರೆ. ಹನಿ ಆಚೀಚೆ ಹೋಗದೆ ಇರುತ್ತದೆಯೇ? ದೋಟಿ ಎತ್ತಿ ಮೂವತ್ತು ಅಡಿಯಿಂದ ಹೊಡೆದರೇ ಸ್ವಲ್ಪ ಗಾಳಿ ಬಂದರೆ ಪಕ್ಕದ ಮನೆಯ ಬಾವಿಗೆ ಹೋಗಿ ಜಗಳವಾಗುತ್ತದೆ. ಮೂವತ್ತು ಸಾವಿರ ಅಡಿಯಿಂದ ಹೊಸನಗರದ ತೋಟಕ್ಕೆ ಗುರಿಯಿಟ್ಟು ಹೊಡೆಯಬಲ್ಲವನು ಸಿಕ್ಕರೆ ದಯವಿಟ್ಟು ನನಗೂ ತಿಳಿಸಿ, ಈ ವರ್ಷ ಬೋರ್ಡೋಗೆ ಆಳು ಸಿಗುತ್ತಿಲ್ಲ.

ಎಲೆಚುಕ್ಕಿ ಶಿಲೀಂಧ್ರದ ರೋಗ. ಮಳೆ, ಗಾಳಿ, ತೇವದಲ್ಲಿ ಸೋಗೆಯಿಂದ ಸೋಗೆಗೆ ಹರಡುತ್ತದೆ. ರೋಗ ಹತ್ತಿದ ಸೋಗೆ ಕಡಿದು ಸುಡುವ ಕೆಲಸವನ್ನು ಆಕಾಶ ನೋಡುತ್ತ ಮುಂದೂಡಬೇಡಿ. ನಾನೂ ಈ ವರ್ಷ ಎಪ್ಪತ್ತು ಮರದ ಸೋಗೆ ಕಡಿಸಿದ್ದೇನೆ. ನಿಮ್ಮ ಸಂಕಟ ಗೊತ್ತು.

ಪ್ರಶ್ನೆ: ಸರ್, ಸೋಗಾನೆ ವಿಮಾನ ನಿಲ್ದಾಣದ ಬೇಲಿ ಹತ್ತಿರ ನಾನೇ ತೆಗೆದ ವಿಡಿಯೊ ಕಳಿಸಿದ್ದೇನೆ. ವಿಮಾನ ಮೇಲೇರುತ್ತಿದೆ, ಆದರೆ ಫ್ಯಾನು ತಿರುಗುತ್ತಲೇ ಇಲ್ಲ! ಎಂಜಿನ್ ಕೆಟ್ಟದ್ದನ್ನು ಮುಚ್ಚಿಟ್ಟಿದ್ದಾರೆ ಎಂದು ಸ್ನೇಹಿತರು ಹೇಳುತ್ತಾರೆ.
(ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ತಮ್ಮಾ, ನೀನೇ ತೆಗೆದದ್ದು ಎನ್ನುವುದೇ ಸಂತೋಷ. ಯಾರೋ ಕಳಿಸಿದ್ದಾದರೆ ಎಷ್ಟು ಸಲ ಕತ್ತರಿಸಿ ಅಂಟಿಸಿದ್ದಾರೋ ಹೇಳಲಾಗದು.

ಜಾತಿ ನೋಡೋಣ. ರೆಕ್ಕೆ ಮೈಯ ಮೇಲೆ ಕೂತಿದೆ, ಬಾಲ ಇಂಗ್ಲಿಷಿನ ಟಿ ಅಕ್ಷರದ ಹಾಗಿದೆ, ಎರಡು ಪ್ರೊಪೆಲರ್, ಒಂದೊಂದಕ್ಕೂ ಆರು ಅಲಗು. ಎಟಿಆರ್ 72. 2023ರ ಆಗಸ್ಟ್ 31ರಂದು ಸೋಗಾನೆಯ ನಮ್ಮ ಕುವೆಂಪು ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರನ್ನು ಹೊತ್ತು ಬಂದದ್ದೂ ಇದೇ ಜಾತಿ. ಜಾತಿ ಗೊತ್ತಾದರೆ ಕೈಪಿಡಿಯ ಲೆಕ್ಕ ಸಿಗುತ್ತದೆ. ಮೇಲೇರುವಾಗ ಇದರ ಪ್ರೊಪೆಲರ್ ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20. ನಿನ್ನ ಮೊಬೈಲು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಪ್ರೊಪೆಲರ್ ಒಂದು ಸುತ್ತಿನ ಮೂರನೇ ಎರಡರಷ್ಟು, ಅಂದರೆ 240 ಡಿಗ್ರಿ ತಿರುಗಿರುತ್ತದೆ. ಆರು ಅಲಗುಗಳ ನಡುವಿನ ಅಂತರ 60 ಡಿಗ್ರಿ. ಇನ್ನೂರ ನಲವತ್ತನ್ನು ಅರವತ್ತರಿಂದ ಭಾಗಿಸು. ಸರಿಯಾಗಿ ನಾಲ್ಕು! ಪ್ರತಿ ಚಿತ್ರದಲ್ಲೂ ಒಂದು ಅಲಗಿದ್ದ ಜಾಗಕ್ಕೆ ಇನ್ನೊಂದು ಅಲಗು ಬಂದು ನಿಂತಿರುತ್ತದೆ. ಆರೂ ಒಂದೇ ತರಹ ಇರುವುದರಿಂದ ನಿನ್ನ ಕಣ್ಣಿಗೆ ಅದು ಅಲುಗಾಡಿಲ್ಲ.

ಈ ಲೆಕ್ಕ ಇಷ್ಟು ನಾಜೂಕಾಗಿ ಹೊಂದಿದ್ದು ನೋಡಿ ಬೆಳಿಗ್ಗೆ ಬೆಳಿಗ್ಗೆ ನಾನೊಬ್ಬನೇ ಜಗಲಿಯಲ್ಲಿ ಕೂತು ನಕ್ಕೆ. ಮನೆಯವಳು ಒಳಗಿನಿಂದ ಏನಾಯಿತು ಎಂದು ಕೇಳಿದಳು. ವಿಡಿಯೊದ ಕೊನೆಯಲ್ಲಿ ಅಲಗು ನಿಧಾನಕ್ಕೆ ಹಿಂದಕ್ಕೆ ತಿರುಗುವಂತೆ ಕಾಣುತ್ತದಲ್ಲ, ಆಗ ಪೈಲಟ್ ಪ್ರೊಪೆಲರ್ ವೇಗ ಕಡಿಮೆ ಮಾಡಿರುತ್ತಾನೆ, ಲೆಕ್ಕ ಸ್ವಲ್ಪ ತಪ್ಪಿರುತ್ತದೆ. ಮೊಬೈಲನ್ನು ಸೆಕೆಂಡಿಗೆ 60 ಚಿತ್ರಕ್ಕೆ ಬದಲಿಸಿದರೂ ಪ್ರಯೋಜನವಿಲ್ಲ, ಆಗ 120 ಡಿಗ್ರಿ, ಭಾಗಿಸಿದರೆ ಎರಡು, ಮತ್ತೆ ನಿಂತೇ ಕಾಣುತ್ತದೆ. ಮೊಬೈಲು ಕೆಳಗಿಟ್ಟು ಬರಿಗಣ್ಣಲ್ಲಿ ನೋಡು.

ನಿಜವಾಗಿ ಎಂಜಿನ್ ನಿಂತಿದ್ದರೆ ಅಲಗು ಗಾಳಿಗೆ ಚಪ್ಪಟೆ ಮುಖ ಕೊಡದೆ ಕತ್ತಿಯ ಹಾಗೆ ಅಂಚು ತಿರುಗಿಸಿರುತ್ತದೆ. ನಿನ್ನ ವಿಡಿಯೊದಲ್ಲಿ ಹಾಗಿಲ್ಲ. ಇನ್ನೊಂದು ತಮಾಷೆ ಹೇಳುತ್ತೇನೆ. ಇದೇ ಎಟಿಆರ್ ನೆಲದ ಮೇಲೆ ನಿಂತಾಗ ಬಲಗಡೆಯ ಎಂಜಿನ್ ಓಡುತ್ತಿದ್ದರೂ ಪ್ರೊಪೆಲರ್ ಮಾತ್ರ ನಿಜವಾಗಿಯೇ ನಿಂತಿರಬಹುದು. ಅದಕ್ಕೊಂದು ಬ್ರೇಕು ಇದೆ, ಕರೆಂಟಿಗೂ ತಂಪು ಗಾಳಿಗೂ ಎಂಜಿನ್ ಓಡಿಸಿಕೊಳ್ಳುತ್ತಾರೆ. ಹೋಟೆಲ್ ಮೋಡ್ ಎನ್ನುತ್ತಾರೆ. ಅದನ್ನೂ ಯಾರಾದರೂ ವಿಡಿಯೊ ಮಾಡಿ ನನಗೆ ಕಳಿಸುವ ಮೊದಲೇ ಹೇಳಿಬಿಟ್ಟೆ.

ಪ್ರಶ್ನೆ: ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವಾಗ ಒಂದು ವಿಮಾನ ನೀರಿನ ಟ್ಯಾಂಕಿನ ಮೇಲೆ ಗಾಳಿಯಲ್ಲಿ ನಿಂತೇ ಇತ್ತು. ಎಂಟು ಸೆಕೆಂಡು ವಿಡಿಯೊ ಮಾಡಿದ್ದೇನೆ. ವಿಮಾನ ನಿಲ್ಲಲು ಸಾಧ್ಯವೆ? ಅದು ಬೇರೇನೋ ಎಂದು ನಮ್ಮ ಶಾಲೆಯಲ್ಲಿ ಚರ್ಚೆಯಾಯಿತು.
(ಶಿಕ್ಷಕಿ, ಭದ್ರಾವತಿ)

ಉತ್ತರ: ಮೇಡಂ, ನಿಮ್ಮ ಮೇಜಿನ ಮೇಲೆ ಮೂರು ಸುಣ್ಣದ ಕಡ್ಡಿ ಇಡಿ. ಒಂದು ಬಸ್ಸು, ಮಧ್ಯದ್ದು ಟ್ಯಾಂಕು, ಆಚೆಯದು ವಿಮಾನ. ಟ್ಯಾಂಕು ಬಸ್ಸಿನಿಂದ ಅರ್ಧ ಕಿಲೊಮೀಟರ್, ವಿಮಾನ ಟ್ಯಾಂಕಿನಿಂದ ಆಚೆಗೆ ಎರಡು ಕಿಲೊಮೀಟರ್ ಇರಲಿ. ಬಸ್ಸನ್ನು ಒಂದು ಇಂಚು ಮುಂದೆ ತಳ್ಳಿ. ಮೂರೂ ಮತ್ತೆ ಒಂದೇ ಗೆರೆಗೆ ಬರಬೇಕಾದರೆ ವಿಮಾನವನ್ನು ನಾಲ್ಕು ಇಂಚು ಹಿಂದಕ್ಕೆ ಸರಿಸಬೇಕು. ಬಸ್ಸು ಗಂಟೆಗೆ 55 ಕಿಲೊಮೀಟರ್ ಹೋಗುತ್ತಿದ್ದರೆ ಎದುರು ದಿಕ್ಕಿಗೆ ಹೋಗುವ ವಿಮಾನ 220ರಲ್ಲಿ ಇರಬೇಕಾಯಿತು. ಎಟಿಆರ್ ಇಳಿಯಲು ಬರುವಾಗ ಹೆಚ್ಚುಕಡಿಮೆ ಅದೇ ವೇಗದಲ್ಲಿರುತ್ತದೆ. ಬಸ್ಸು ಸ್ಟಾಪಿನಲ್ಲಿ ನಿಂತಿದ್ದರೆ ವಿಮಾನ ಟ್ಯಾಂಕು ಬಿಟ್ಟು ಹೊರಟುಬಿಡುತ್ತಿತ್ತು. ನಿಮ್ಮ ವಿಡಿಯೊದ ಏಳನೆಯ ಸೆಕೆಂಡಿನಲ್ಲಿ ಬಸ್ಸು ಬ್ರೇಕು ಹಾಕಿದಾಗ ಆಗಿದ್ದೂ ಅದೇ, ಇನ್ನೊಮ್ಮೆ ನೋಡಿ.

ದೊಡ್ಡ ವಿಮಾನ ತೇಲಿ ನಿಂತ ಹಾಗೆ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಕಣ್ಣು ವೇಗವನ್ನು ಅಳೆಯುವುದು ಮೈಯುದ್ದದಲ್ಲಿ. ಮಂಗಟ್ಟೆ ಹಕ್ಕಿ ತೋಟದಿಂದ ಗುಡ್ಡಕ್ಕೆ ಹಾರುವಾಗ ಸೆಕೆಂಡಿಗೆ ತನ್ನುದ್ದದ ಹತ್ತಾರು ಪಟ್ಟು ಹೋಗುತ್ತದೆ, ಸರ್ರನೆ ಹೋಯಿತು ಎನ್ನುತ್ತೇವೆ. 27 ಮೀಟರ್ ಉದ್ದದ ಎಟಿಆರ್ ಇಳಿಯುವಾಗ ತನ್ನುದ್ದ ದಾಟಲು ಅರ್ಧ ಸೆಕೆಂಡು ತೆಗೆದುಕೊಳ್ಳುತ್ತದೆ. ಎ380ಗೆ ಪೂರ್ತಿ ಒಂದು ಸೆಕೆಂಡು ಬೇಕು. ವೇಗ ಹಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದರೂ ಕಣ್ಣಿಗೆ ಎಮ್ಮೆ ನಡಿಗೆ.

ಪ್ರಶ್ನೆ: ಮೋಡ ಬಿತ್ತನೆ ವಿಮಾನ ಬಂದಮೇಲೆ ಆಗುಂಬೆಯ ಮಳೆ ಓಡಿಹೋಯಿತಂತೆ, ನಿಜವೆ?
(ಓದುಗರು, ಕೊಪ್ಪ)

ಉತ್ತರ: ಇಲ್ಲ. 2017ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ವರ್ಷಧಾರಿ ಹೆಸರಿನಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಹಾರಿಸಿದ್ದು ಸಣ್ಣ ಅವಳಿ ಎಂಜಿನ್ ವಿಮಾನ, ರೆಕ್ಕೆಯ ಹಿಂಬದಿಯಲ್ಲಿ ಉಪ್ಪಿನ ಬತ್ತಿ ಕಟ್ಟಿಕೊಂಡದ್ದು. ಅದು ಮೋಡದ ಹತ್ತಿರವೇ ಹಾರಬೇಕು, ಆಕಾಶದುದ್ದ ಗೆರೆ ಎಳೆಯುವುದಿಲ್ಲ. ಮಳೆ ಓಡಿಸುವ ಶಕ್ತಿ ಅದಕ್ಕಿದ್ದಿದ್ದರೆ ನಮ್ಮೂರಿನವರು ಅಡಿಕೆ ಒಣಗಿಸುವ ಸಮಯಕ್ಕೆ ಚಂದಾ ಎತ್ತಿ ಕರೆಸುತ್ತಿದ್ದರು.

ಪ್ರಶ್ನೆ: ನ್ಯೂಯಾರ್ಕಿನ ಅವಳಿ ಗೋಪುರಕ್ಕೆ ಬಡಿದದ್ದು ಪ್ರಯಾಣಿಕರ ವಿಮಾನವಲ್ಲ, ಹೊಟ್ಟೆಯಡಿ ಬಾಂಬು ಕಟ್ಟಿದ, ಕಿಟಕಿಯೇ ಇಲ್ಲದ ಸೈನ್ಯದ ವಿಮಾನ ಎಂದು ನನ್ನ ಅಳಿಯ ವಿಡಿಯೊ ತೋರಿಸಿ ವಾದಿಸುತ್ತಾನೆ. ವಿಡಿಯೊದಲ್ಲಿ ಹೊಟ್ಟೆಯಡಿ ಏನೋ ಉಬ್ಬಿರುವುದಂತೂ ಹೌದು.
(ನಿವೃತ್ತ ಬ್ಯಾಂಕ್ ನೌಕರರು, ತೀರ್ಥಹಳ್ಳಿ)

ಉತ್ತರ: ಉಬ್ಬು ಇದೆ, ನಿಮ್ಮ ಅಳಿಯಂದಿರ ಕಣ್ಣಿಗೆ ದೋಷವಿಲ್ಲ. ದಕ್ಷಿಣದ ಗೋಪುರಕ್ಕೆ 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ 9.03ಕ್ಕೆ ಬಡಿದದ್ದು ಯುನೈಟೆಡ್ ಏರ್‌ಲೈನ್ಸ್ ಕಂಪನಿಯ 175ನೇ ಸಂಖ್ಯೆಯ ವಿಮಾನ, ಬೋಯಿಂಗ್ 767-200. ಈ ಜಾತಿಯ ಯಾವುದೇ ವಿಮಾನವನ್ನು ಕೆಳಗಿನಿಂದ ನೋಡಿದರೂ ರೆಕ್ಕೆ ಮೈಗೆ ಸೇರುವಲ್ಲಿ ಎರಡೂ ಮಗ್ಗುಲಿಗೆ ಉಬ್ಬು ಇರುತ್ತದೆ. ಮಡಚಿದ ಚಕ್ರಗಳ ಸುತ್ತ ಗಾಳಿ ನಯವಾಗಿ ಹರಿಯಲೆಂದು ಹಾಕಿದ ಹೊದಿಕೆ ಅದು. ಅಂಥ ಹೊದಿಕೆಗಳನ್ನು ಬಿಚ್ಚಿ ಕಟ್ಟುವುದೇ ನನ್ನಂಥ ಏರ್‌ಫ್ರೇಮ್ ಫಿಟ್ಟರುಗಳ ಕೆಲಸವಾಗಿತ್ತು. ಬೋಯಿಂಗನ್ನು ಮುಟ್ಟಿಲ್ಲ, ನಾನು ಎಎನ್-32 ಸಾಗಣೆ ವಿಮಾನದವನು, ಆದರೆ ಕೆಲಸ ಒಂದೇ.

ಎರಡೂ ಮಗ್ಗುಲಿಗಿದ್ದರೆ ಬಲಕ್ಕೆ ಮಾತ್ರ ಏಕೆ ಎದ್ದು ಕಾಣಬೇಕು ಎಂದು ಅಳಿಯಂದಿರು ಕೇಳುತ್ತಾರೆ, ಕೇಳಲಿ. ಬೆಳಿಗ್ಗೆ ಒಂಬತ್ತು ಗಂಟೆ, ಸೂರ್ಯ ಪೂರ್ವದಲ್ಲಿ. ವಿಮಾನ ದಕ್ಷಿಣದಿಂದ ಉತ್ತರಕ್ಕೆ ಬರುತ್ತಿತ್ತು, ಅಂದರೆ ಬಲಮಗ್ಗುಲು ಪೂರ್ವಕ್ಕೆ. ಕೊನೆಯ ಗಳಿಗೆಯಲ್ಲಿ ಎಡಕ್ಕೆ ವಾಲಿದ್ದರಿಂದ ಬಲಗಡೆಯ ಹೊಟ್ಟೆ ಬಿಸಿಲಿಗೆ ತೆರೆದುಕೊಂಡಿತು. ಹೊದಿಕೆ ಬೆಳಗಿತು, ಪಕ್ಕದ ಜಾಗ ನೆರಳಾಯಿತು. ಆ ಕಾಲದ ಮಸುಕು ವಿಡಿಯೊದಲ್ಲಿ ಅದು ಕೊಳವೆಯಂತೆ ಕಂಡಿತು. ಕಿಟಕಿಯ ಮಾತಿಗೂ ಬಣ್ಣದಲ್ಲಿ ಉತ್ತರವಿದೆ. ಆಗ ಯುನೈಟೆಡ್ ವಿಮಾನಗಳ ಮೇಲ್ಮೈ ದಟ್ಟ ಬೂದು, ಕೆಳಮೈ ದಟ್ಟ ನೀಲಿ. ಕಪ್ಪು ಕಂಬಳಿಯ ಮೇಲೆ ಕಪ್ಪು ಗುಂಡಿ ಹುಡುಕಿದ ಹಾಗೆ. ಗೋಪುರಗಳ ಪಕ್ಕದ, ಅದೇ ಸಂಕೀರ್ಣದ 5ನೇ ಸಂಖ್ಯೆಯ ಕಟ್ಟಡದ ಚಾವಣಿಯ ಮೇಲೆ ಸಿಕ್ಕ ವಿಮಾನದ ತುಂಡಿನಲ್ಲಿ ಕಿಟಕಿಗಳು ಇದ್ದವು.

ಅಳೆಯಲೂ ಬಹುದು. ಗೋಪುರದ ಅಗಲ ಸುಮಾರು 63 ಮೀಟರ್, 767-200ರ ರೆಕ್ಕೆಯ ಹರವು ಸುಮಾರು 48 ಮೀಟರ್. ಅಳಿಯಂದಿರಿಗೆ ಒಂದು ಸ್ಕೇಲು ಕೊಟ್ಟು ಕೂರಿಸಿ. ವಿಮಾನದಲ್ಲಿ ಕೂತಿದ್ದವರಿಗೆ ಮನೆಗಳಿದ್ದವು ಎನ್ನುವುದನ್ನೂ ಊಟದ ಹೊತ್ತಿನಲ್ಲಿ ಮೆಲ್ಲಗೆ ನೆನಪಿಸಿ.

ಪ್ರಶ್ನೆ: ಕಾಣೆಯಾದ ಮಲೇಷ್ಯಾ ವಿಮಾನವನ್ನು ಮೂರು ಬೆಳಕಿನ ಉಂಡೆಗಳು ಸುತ್ತಿ ಮಾಯ ಮಾಡಿದ ಉಪಗ್ರಹದ ವಿಡಿಯೊ ನೋಡಿದೆ. ನೋಡಿದರೆ ನಂಬುವ ಹಾಗೇ ಇದೆಯಲ್ಲ?
(ಅಂಗಡಿ ಮಾಲೀಕರು, ಸಾಗರ)

ಉತ್ತರ: ಇದರಲ್ಲಿ ವಿಮಾನದ ಜಾತಿ ಸರಿಯಾಗಿಯೇ ಇದೆ, ಬೋಯಿಂಗ್ 777. ಹಾಗಾಗಿ ಮೋಡದ ಜಾತಿ ನೋಡಬೇಕಾಯಿತು. ಆ ವಿಡಿಯೊದ ಮೋಡಗಳು ಚಿತ್ರ ಮಾರುವ ತಾಣವೊಂದರಲ್ಲಿದ್ದ ಫೋಟೊಗಳ ಮೋಡಗಳೇ. ಅಂಚು, ತೂತು, ಬಾಲ ಎಲ್ಲ ಹೊಂದುತ್ತವೆ. ಆ ಫೋಟೊ ತೆಗೆದದ್ದು 2012ರಲ್ಲಿ, ಜಪಾನಿನ ಮೇಲೆ ಹಾರುತ್ತಿದ್ದ ವಿಮಾನದ ಕಿಟಕಿಯಿಂದ. ಆ ಮಲೇಷ್ಯಾ ವಿಮಾನ, ಎಂಎಚ್370, ಕಾಣೆಯಾದದ್ದು 2014ರ ಮಾರ್ಚ್ 8ರಂದು. ಕೊನೆಯಲ್ಲಿ ಬರುವ ಬೆಳಕಿನ ಸ್ಫೋಟವೂ ಸಿನಿಮಾದವರು ಬಳಸುವ ಹಳೆಯ ಸಿದ್ಧ ಚಿತ್ರದ್ದು. ಮಾಯವಾದ ವಿಮಾನದ ರೆಕ್ಕೆಯ ಒಂದು ತುಂಡು 2015ರ ಜುಲೈಯಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ದಡಕ್ಕೆ ಬಂದು ಬಿದ್ದಿತು.

ಸಮುದ್ರ ಎಷ್ಟು ದೊಡ್ಡದು ಎಂದು ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. 2016ರ ಜುಲೈ 22ರಂದು ನಮ್ಮದೇ ವಾಯುಪಡೆಯ ಎಎನ್-32 ಒಂದು 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದರ ಅವಶೇಷ ಎನ್ನಲಾದವು ಕಂಡವೆಂದು ಸರ್ಕಾರ ಹೇಳಿದ್ದು 2024ರ ಜನವರಿಯಲ್ಲಿ. ಚೆನ್ನೈ ತೀರದಿಂದ ಸುಮಾರು 310 ಕಿಲೊಮೀಟರ್ ಆಚೆ, 3,400 ಮೀಟರ್ ಆಳದಲ್ಲಿ. ಏಳೂವರೆ ವರ್ಷ. ಅಂಥ ವಿಮಾನದ ರೆಕ್ಕೆಯಡಿ ಊಟದ ಡಬ್ಬಿ ಬಿಚ್ಚಿದವನು ನಾನು. ಬೆಳಕಿನ ಉಂಡೆಯ ಕತೆ ಕೇಳಿದರೆ ನನಗೆ ನಗು ಬರುವುದಿಲ್ಲ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು ಬೋಯಿಂಗ್ 737 ಎಂದು ಹೇಳಿದ್ದು ಏರ್‌ಬಸ್ ಎ320. 737ರ ದೊಡ್ಡ ಚಕ್ರಕ್ಕೆ ಪೂರ್ತಿ ಬಾಗಿಲು ಇರುವುದಿಲ್ಲ, ಮಡಚಿದ ಮೇಲೂ ಹೊಟ್ಟೆಯಡಿ ಎರಡು ಕಪ್ಪು ದುಂಡು ಕಾಣುತ್ತವೆ. ನೀವು ಹಾಕಿದ ಚಿತ್ರದಲ್ಲಿ ಇಲ್ಲ.
(9ನೇ ತರಗತಿ ವಿದ್ಯಾರ್ಥಿನಿ, ಸೊರಬ)

ಉತ್ತರ: ಪುಟ್ಟಾ, ನೀನು ಸರಿ, ನಾನು ತಪ್ಪು. ಬಾಲದ ಬುಡವನ್ನೂ ನೋಡಬೇಕಿತ್ತು, 737ಗೆ ಅಲ್ಲಿ ಬೆನ್ನಿನ ಮೇಲೆ ಒಂದು ತ್ರಿಕೋನ ಇಳಿಜಾರು ಇರುತ್ತದೆ. ಅದೂ ಇಲ್ಲ. ಸಂಪಾದಕರಿಗೆ ಹೇಳಿ ನಿನಗೆ ಒಂದು ವರ್ಷ ಪತ್ರಿಕೆ ಕಳಿಸುವಂತೆ ಮಾಡಿದ್ದೇನೆ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಿ. ನೀವು ಯಾವತ್ತೂ ಮೋಸ ಹೋಗಿಲ್ಲವೆ?
(ಓದುಗರು, ಶಿಕಾರಿಪುರ)

ಉತ್ತರ: 2025ರ ಮೇ ತಿಂಗಳು, ಆಪರೇಷನ್ ಸಿಂಧೂರದ ರಾತ್ರಿಗಳು. ನಿದ್ದೆ ಇರಲಿಲ್ಲ. ಕತ್ತಲ ಆಕಾಶದಲ್ಲಿ ಹಾರುವ ಜೆಟ್ಟು, ಕೆಳಗಿನಿಂದ ಕೆಂಪು ಮಣಿಸರದ ಹಾಗೆ ಏಳುವ ಗುಂಡುಗಳು, ಕೊನೆಗೆ ಬೆಂಕಿ. ಇಂಥದೊಂದು ವಿಡಿಯೊ ಬಂತು. "ನಮ್ಮವರು ಹೊಡೆದರು" ಎಂದು ಬರೆದು ಮನೆಯವರ ಗುಂಪಿಗೆ ನಾನೇ ಹಾಕಿದೆ. ರಾತ್ರಿ ಹನ್ನೊಂದೂಮುಕ್ಕಾಲು.

ಬೆಳಿಗ್ಗೆ ತಂಗಿಯ ಮೊಮ್ಮಗ, ಪಿಯುಸಿ ಹುಡುಗ, ಫೋನ್ ಮಾಡಿದ. "ಅಜ್ಜ, ಅದು ಯಾವ ವಿಮಾನ?" ಎಂದ. ನನ್ನದೇ ಪ್ರಶ್ನೆ! ಕನ್ನಡಕ ಹಾಕಿ ನೋಡಿದೆ. ರೆಕ್ಕೆ ನೇರ, ಹಿಂದಕ್ಕೆ ಬಾಗಿಲ್ಲ. ಎರಡು ಎಂಜಿನ್ನು ಬಾಲದ ಮುಂದೆ ಬೆನ್ನಿನ ಮೇಲೆ ಎರಡು ಕೊಡ ಹೊತ್ತ ಹಾಗೆ. ಎ-10 ಯುದ್ಧವಿಮಾನವನ್ನು ಹೋಲುವ ಆಕಾರ. ಎ-10 ಅಮೆರಿಕದ ವಾಯುಪಡೆಯ ಹೊರತು ಯಾರ ಬಳಿಯೂ ಇಲ್ಲ, ನಮ್ಮಲ್ಲೂ ಇಲ್ಲ, ಪಾಕಿಸ್ತಾನದಲ್ಲೂ ಇಲ್ಲ. "ಅದು ಆರ್ಮಾ ಅಂತ ಗೇಮು ಅಜ್ಜ, ನಾನೇ ಆಡ್ತೇನೆ" ಎಂದ. ಅಂಥ ಗೇಮಿನ ತುಣುಕುಗಳು ಯುದ್ಧದ ವಿಡಿಯೊ ಎಂದು ಓಡಾಡುತ್ತಿವೆ ಎಂದು ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿಯವರೂ ಆ ದಿನಗಳಲ್ಲಿ ಎಚ್ಚರಿಸಿದ್ದರು.

ಅಳಿಸಿಹಾಕಲು ಹೋದೆ. ಅಷ್ಟರಲ್ಲಿ ನನ್ನ ಭಾವ ಅದನ್ನು ಊರಿನ ಸಹಕಾರ ಸಂಘದ ಗುಂಪಿಗೆ ಕಳಿಸಿಯಾಗಿತ್ತು, "ವಾಯುಪಡೆಯವರೇ ಖಚಿತಪಡಿಸಿದ್ದಾರೆ" ಎಂಬ ಒಕ್ಕಣೆಯೊಂದಿಗೆ. ಈಗಲೂ ಸಂಘಕ್ಕೆ ಗೊಬ್ಬರ ತರಲು ಹೋದರೆ ಕೌಂಟರಿನ ಹುಡುಗ ಮೊಬೈಲು ಎತ್ತಿ ಹಿಡಿದು, "ಅಜ್ಜ, ಇದು ಯಾವ ಜಾತಿ?" ಎನ್ನುತ್ತಾನೆ.